ಹೇರಳೆ ಮರದ ಹುಳ

ಈ ಊರಿನಲ್ಲಿ ಹೊಸ ಅಳಿಯನಿಗೆ ಮೊದಲು ತೋರಿಸುವುದು ದೇವರಮನೆಯನ್ನಲ್ಲ, ಹಿತ್ತಲನ್ನು. ನಾನು ಮನೆಅಳಿಯನಾಗಿ ಬಂದ ಮಾರನೆಯ ಬೆಳಿಗ್ಗೆ, ಇನ್ನೂ ಬಾಯಲ್ಲಿ ಬ್ರಷ್ ಇರುವಾಗಲೇ, ಮಾವ ಮರಿಸ್ವಾಮಪ್ಪನವರು "ಬನ್ನಿ ಅಳಿಯಂದಿರೇ" ಎಂದು ಹಿಂಬಾಗಿಲು ತೆಗೆದರು. ಹೊರಗೆ ನುಗ್ಗೆ, ಕರಿಬೇವು, ಒಂದು ಸಾಲು ಬದನೆ, ಬಸಳೆ ಚಪ್ಪರ, ಬಾವಿಕಟ್ಟೆಯ ಪಕ್ಕದಲ್ಲಿ ತೀರಿಕೊಂಡ ಅತ್ತೆಯವರು ನೆಟ್ಟಿದ್ದ, ನಿಂಬೆ ಜಾತಿಯ ದೊಡ್ಡ ಹೇರಳೆ ಮರ. ಏನಾದರೂ ಹೇಳಬೇಕಲ್ಲ ಅಂತ "ಹಿತ್ತಲು ಚೆನ್ನಾಗಿದೆ ಮಾವ" ಅಂದೆ. "ಚೆನ್ನಾಗಿದೆಯೋ ಇಲ್ವೋ ಹುಳ ನೋಡಿ ಹೇಳ್ಬೇಕು" ಅಂದರು ಅವರು, ನನ್ನ ಕಡೆ ತಿರುಗದೆ.

ನಮ್ಮ ಊರಿನಲ್ಲಿ ಹುಳ ಅಂದರೆ ಹುಳ, ಅಷ್ಟೇ. ಇಲ್ಲಿ ಹಾಗಲ್ಲ. ಮನೆಯೊಳಗೆ ಯಾರಾದರೂ ಹೇಳಬೇಕಾದ ಮಾತನ್ನು ಹೇಳದೆ ಇಟ್ಟುಕೊಂಡರೆ ಹಿತ್ತಲಿನ ಗಿಡಕ್ಕೆ ಹುಳ ಬೀಳುತ್ತದೆ. ಆರಿಸಿ ಎಸೆದರೆ ಬೆಳಗಾಗುವುದರೊಳಗೆ ವಾಪಸು ಬಂದಿರುತ್ತದೆ. ಬೂದಿ ಎರಚಿದರೂ ಬೇವಿನೆಣ್ಣೆ ಹೊಡೆದರೂ ಅದಕ್ಕೆ ಲೆಕ್ಕವಿಲ್ಲ. ಮಾತು ಯಾರದೋ ಅವರೇ, ಯಾರಿಗೆ ಹೇಳಬೇಕೋ ಅವರಿಗೇ ಹೇಳಿದರೆ ಮಾತ್ರ ಹೋಗುತ್ತದೆ. ಆದ್ದರಿಂದ ಯಾವ ಹುಳ ಅಂತ ಗುರುತು ಹಿಡಿಯುವುದೇ ದೊಡ್ಡ ಕೆಲಸ. ನುಗ್ಗೆಯ ಕಾಂಡಕ್ಕೆ ಗುಂಪಾಗಿ ಅಂಟಿಕೊಳ್ಳುವ ಕಂಬಳಿ ಹುಳ ಸಿಟ್ಟಿನದು. ಬೆನ್ನು ಬಗ್ಗಿಸಿ ಗೇಣು ಹಾಕುತ್ತಾ ನಡೆಯುವ ಕೊಂಡ್ಲಿ ಹುಳ ಸಂಕೋಚದ್ದು. ಎಲೆಯ ಒಳಗೇ ಬಿಳಿ ಗೆರೆ ಎಳೆದುಕೊಂಡು ಹೋಗುವ ರಂಗೋಲಿ ಹುಳ, ಗೊತ್ತಿದ್ದೂ ಗೊತ್ತಿಲ್ಲದ ಹಾಗೆ ಇರುವವರದು. ಬೇರು ತಿನ್ನುವ ಗೊಣ್ಣೆ ಹುಳದ ಹೆಸರು ಹೇಳುವಾಗ ಜನ ದನಿ ತಗ್ಗಿಸುತ್ತಾರೆ. ಅದು ಅಳದೆ ಉಳಿಸಿಕೊಂಡ ದುಃಖದ್ದು.

ನಾನು ಬಂದ ವಾರದಲ್ಲೇ ಪಕ್ಕದ ಮನೆ ನೀಲಾಂಬಿಕಮ್ಮನವರ ನುಗ್ಗೆಗೆ ಕಂಬಳಿ ಹುಳ ಬಿದ್ದಿತ್ತು. ಆಯಮ್ಮ ಗಂಡನನ್ನು ಮರದ ಕೆಳಗೇ ನಿಲ್ಲಿಸಿಕೊಂಡು, ತಮ್ಮನ ಮದುವೆಯಲ್ಲಿ ಅವನು ಊಟಕ್ಕೆ ಹೆಸರಿಟ್ಟಿದ್ದರಿಂದ ಹಿಡಿದು ಎಲ್ಲವನ್ನೂ ಎತ್ತಿ ಆಡಿದರು. ಆತ ತಲೆ ತಗ್ಗಿಸಿ "ಆಯ್ತು ಮಾರಾಯ್ತಿ, ತಪ್ಪಾಯ್ತು" ಅಂದ. ಸಂಜೆ ಹೊತ್ತಿಗೆ ಕಾಂಡ ತೊಳೆದ ಹಾಗಿತ್ತು. ಮಾರನೆಯ ದಿನ ನುಗ್ಗೆಕಾಯಿ ಹುಳಿ ಮಾಡಿ ನಮಗೂ ಒಂದು ಪಾತ್ರೆ ಕಳಿಸಿದರು. ಎಲ್ಲರ ಮನೆಯಲ್ಲೂ ಇಷ್ಟು ಸಲೀಸಾಗಿ ಆಗುವುದಿಲ್ಲ. ಬೀದಿಯ ತುದಿಯಲ್ಲಿ ಅಣ್ಣತಮ್ಮಂದಿರ ಮನೆಯೊಂದಿದೆ. ಅವರ ಹಿತ್ತಲಿನ ಸೀಬೆ ಮರವನ್ನು ಹುಳ ಪೂರ್ತಿ ಬೋಳು ಮಾಡಿ ಹೋಗಿ ಎಷ್ಟೋ ಕಾಲವಾಯಿತಂತೆ. ಮರ ಬೋಳಾದ ಮೇಲೆ ಆ ಮಾತು ಇನ್ನು ಬಾಯಿಗೆ ಬರುವುದಿಲ್ಲ. ಅಣ್ಣತಮ್ಮ ಈಗಲೂ ಒಂದೇ ಜಗಲಿಯಲ್ಲಿ ಕೂತು ಬಿಸಿಲಿನ ವಿಷಯ, ಮೋಡದ ವಿಷಯ ಮಾತಾಡುತ್ತಾರೆ.

ನಾನು ಬೋರ್ಡು ಬರೆಯುವವನು, ಹೆಸರು ಷಡಕ್ಷರಿ. ಈ ಊರಿನ ಛತ್ರಕ್ಕೆ ಹೆಸರು ಬರೆಯಲು ಬಂದಿದ್ದಾಗ ಏಣಿಯ ಕೆಳಗೆ ನಿಂತು "'ತ್ರ' ಸ್ವಲ್ಪ ಸೊಟ್ಟಗಿದೆ ಕಣ್ರೀ" ಅಂದವಳು ದಾಕ್ಷಾಯಿಣಿ. ಆಮೇಲೆ ಆದದ್ದನ್ನೆಲ್ಲ ಹೇಳಲು ನಾಚಿಕೆ. "ಅಪ್ಪನ್ನ ಬಿಟ್ಟು ನಾನು ಬರಲ್ಲ, ನೀವೇ ಬರ್ತೀರಾ?" ಎಂದು ಅವಳು ಕೇಳಿದಾಗ ಯೋಚನೆ ಮಾಡಲು ನನಗೆ ಏನೂ ಇರಲಿಲ್ಲ. ಬಣ್ಣದ ಡಬ್ಬಿ, ಬ್ರಷ್ಷು, ಏಣಿ ಸಮೇತ ಬಂದುಬಿಟ್ಟೆ. ಮನೆಅಳಿಯ ಎಂದು ಬೆನ್ನ ಹಿಂದೆ ನಗುವವರು ಎಲ್ಲ ಊರಲ್ಲೂ ಇರುತ್ತಾರೆ. ಅದಕ್ಕೆಲ್ಲ ನಾನು ತಲೆ ಕೆಡಿಸಿಕೊಂಡಿರಲಿಲ್ಲ. ತಲೆ ಕೆಡಿಸಿದ್ದು ಮಾವ.

ಹುಳ ಗುರುತು ಹಿಡಿಯುವುದರಲ್ಲಿ ಅವರ ಹೆಸರು ದೊಡ್ಡದು. ನಾಲ್ಕು ಬೀದಿಯ ಜನ ಡಬ್ಬಿಯಲ್ಲಿ, ಎಲೆಯಲ್ಲಿ ಹುಳ ಹಿಡಿದುಕೊಂಡು ನಮ್ಮ ಜಗಲಿಗೇ ಬರುತ್ತಿದ್ದರು. ಮಾವ ಡಬ್ಬಿಯನ್ನು ಸೀದಾ ನನ್ನ ಕೈಗೆ ಕೊಟ್ಟು "ಹೇಳಿ ಅಳಿಯಂದಿರೇ, ನೋಡೋಣ" ಅನ್ನುತ್ತಿದ್ದರು. "ಬಣ್ಣ?" "ಹಸಿರು." "ಯಾವ ಹಸಿರು? ಬೋರ್ಡು ಬರಿಯೋರು ನೀವು, ಬರೀ ಹಸಿರು ಅಂದ್ರೆ ಆಯ್ತಾ?" "ಎಳೆ ಬಾಳೆಎಲೆ ಹಸಿರು." "ಕೂದಲು?" "ಇಲ್ಲ." "ಕಾಲು?" "ಮುಂದೆ ಆರು ಸಣ್ಣವು. ಹಿಂದೆ ತುದೀಲಿ ಮಾತ್ರ ದಪ್ಪಗಿವೆ, ನಡುವೆ ಖಾಲಿ." "ಹೇಗೆ ನಡೀತದೆ?" "ಬೆನ್ನೆತ್ತಿ." "ಕೊಂಡ್ಲಿ" ಎಂದು ಅವರು ತೀರ್ಪು ಕೊಡುತ್ತಿದ್ದರು. ಬಂದವರು ಕೈ ಮುಗಿದು ಹೋಗುತ್ತಿದ್ದರು. ಎಲ್ಲರೆದುರಿಗೆ ಹೀಗೆ ಶಾಲೆ ಹುಡುಗನನ್ನು ಕೇಳಿದ ಹಾಗೆ ಕೇಳಿದರೆ ಯಾರಿಗೆ ಮೈ ಉರಿಯುವುದಿಲ್ಲ? ಸಾಲದ್ದಕ್ಕೆ ಅವರು ಒಂದು ದಿನವೂ ನನ್ನ ಮುಖ ನೋಡಿ ಮಾತಾಡಿದವರಲ್ಲ. ನನ್ನ ಕಿವಿಯ ಪಕ್ಕದಲ್ಲಿ ಇನ್ಯಾರೋ ದೊಡ್ಡ ಮನುಷ್ಯ ನಿಂತಿದ್ದಾನೆ ಅನ್ನುವ ಹಾಗೆ ಅವನನ್ನು ನೋಡಿ ಮಾತಾಡುತ್ತಿದ್ದರು. ಈ ಅಳಿಯ ಅವರಿಗೆ ಹಿಡಿಸಿಲ್ಲ ಅಂತ ನಾನು ತೀರ್ಮಾನ ಮಾಡಿಕೊಂಡೆ.

ಒಮ್ಮೆ ಬದನೆ ಪಾತಿಗೆ ನೀರು ಬಿಡುವಾಗ ಮಣ್ಣಿನಿಂದ ಕೆಂಪಗೆ ಉದ್ದಕ್ಕೆ ಏನೋ ಎದ್ದು ಬಂತು. ಎದೆ ಝಲ್ಲೆಂದು "ಮಾವಾ, ಇನ್ನೊಂದು ಥರದ್ದು ಬಿದ್ದಿದೆ!" ಎಂದು ಕೂಗಿಕೊಂಡೆ. ಅವರು ನಿಧಾನವಾಗಿ ಬಂದು ಕೈ ಚಾಚಿದರು. ಅಂಗೈ ಮೇಲೆ ಇಟ್ಟೆ. ಅದು ಒದ್ದಾಡಿದ ರೀತಿಗೇ ನಕ್ಕುಬಿಟ್ಟರು. ಅವರು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು. "ಎರೆಹುಳ ಅಳಿಯಂದಿರೇ. ಇದು ಯಾರ ಮಾತೂ ಅಲ್ಲ. ಎಲೆ ಮುಟ್ಟಲ್ಲ, ಬೇರು ಮುಟ್ಟಲ್ಲ. ತನ್ನ ಪಾಡಿಗೆ ಮಣ್ಣು ಹದ ಮಾಡ್ಕೊಂಡು ಇರುತ್ತೆ. ಇದು ಹಿತ್ತಲಲ್ಲಿ ಇದ್ರೆ ಮನೆಗೆ ಒಳ್ಳೇದು." ಅದನ್ನು ಮತ್ತೆ ಪಾತಿಗೆ ಬಿಟ್ಟು, ಕೈ ಕೊಡವಿಕೊಂಡು ಹೋದರು. ಈ ಮಾತನ್ನು ದಾಕ್ಷಿ ಬೀದಿಗೆಲ್ಲ ಹೇಳಿ ನನ್ನ ಮಾನ ಕಳೆದಳು.

ಹೇರಳೆ ಮರಕ್ಕೆ ಹುಳ ಬಿದ್ದದ್ದು ಆಮೇಲೆ. ಮೊದಲು ಕಂಡವನು ನಾನೇ. ಚಿಗುರೆಲೆಗಳ ಮೇಲೆ ಹಕ್ಕಿ ಹಿಕ್ಕೆ ಹಾಕಿದೆ ಅಂದುಕೊಂಡು ಕಡ್ಡಿಯಲ್ಲಿ ಕೆರೆಯಲು ಹೋದರೆ ಹಿಕ್ಕೆ ಮೈ ಮುರಿಯಿತು. ಮಾವನನ್ನು ಕರೆದೆ. "ಬಣ್ಣ?" "ಕಂದು. ನಡುವೆ ಒಂದು ಬಿಳಿ ಪಟ್ಟೆ. ಹಕ್ಕಿ ಹಿಕ್ಕೆ ಥರಾನೇ ಇದೆ." "ಕೂದಲು?" "ಇಲ್ಲ." ಅವರು ಉಳಿದ ಹುಳಗಳ ಹಾಗೆ ಇದನ್ನು ಕೈಗೆ ಕೂಡ ಕೇಳಲಿಲ್ಲ. "ಹಿಕ್ಕೆ ಹುಳ" ಅಂದು ಒಳಗೆ ಹೊರಟುಹೋದರು.

ಹಿಕ್ಕೆ ಹುಳ ಪಶ್ಚಾತ್ತಾಪದ್ದು. ಮಾಡಿದ ದೊಡ್ಡ ಕೆಲಸವೊಂದನ್ನು ಮಾಡಬಾರದಿತ್ತು ಅಂತ ಮನೆಯಲ್ಲಿ ಯಾರೋ ಕೊರಗುತ್ತಿದ್ದಾರೆ ಅಂತ. ನಮ್ಮ ಮನೆಯಲ್ಲಿ ಇತ್ತೀಚೆಗೆ ಆದ ದೊಡ್ಡ ಕೆಲಸ ಯಾವುದು? ನಮ್ಮ ಮದುವೆ. ನಾನಂತೂ ಪಶ್ಚಾತ್ತಾಪ ಪಡುತ್ತಿಲ್ಲ. ಮಾವನಾದರೆ ಮದುವೆ ಮಾಡಿಕೊಂಡವರಲ್ಲ. ಉಳಿದವಳು ಒಬ್ಬಳೇ. ಇಷ್ಟು ಸುಲಭದ ಲೆಕ್ಕ ಬಿಡಿಸಲು ನನಗೆ ಯಾರ ಸಹಾಯವೂ ಬೇಕಾಗಲಿಲ್ಲ. ಆ ದಿನ ಊಟ ಗಂಟಲಲ್ಲಿ ಇಳಿಯಲಿಲ್ಲ.

ದಾಕ್ಷಿಯ ಮುಖವೂ ಬಾಡಿತ್ತು. ಆದರೂ ಅವಳು ಈ ಊರಿನವಳು, ಹುಳ ಬಿದ್ದರೆ ಏನು ಮಾಡಬೇಕು ಅಂತ ಗೊತ್ತಿದ್ದವಳು. ಬೆಳಿಗ್ಗೆ ಮೂವರನ್ನೂ ಬಾವಿಕಟ್ಟೆಯ ಮೇಲೆ ಕೂರಿಸಿ "ಮನಸ್ಸಲ್ಲಿರೋದೆಲ್ಲ ಆಚೆ ಹಾಕಿ" ಅಂದಳು. ತಾನೇ ಶುರು ಮಾಡಿದಳು: ನನ್ನ ಗೊರಕೆ ಅವಳಿಗೆ ಅಭ್ಯಾಸವಾಗಿದೆ ಅಂದದ್ದು ಸುಳ್ಳು. ನಾನು ಹೇಳಿದೆ: ಮುದ್ದೆಯನ್ನು ಮಾತ್ರೆ ನುಂಗಿದ ಹಾಗೆ ನುಂಗುತ್ತಿದ್ದೇನೆ, ರುಚಿ ಇನ್ನೂ ಗೊತ್ತಾಗಿಲ್ಲ. ಕರಿಬೇವಿನ ಮೇಲಿದ್ದ ಕೊಂಡ್ಲಿ ಹುಳಗಳೆಲ್ಲ ಅವತ್ತೇ ಜಾಗ ಖಾಲಿ ಮಾಡಿದವು. ಹೇರಳೆ ಮರದ್ದು ಮಾತ್ರ ಕದಲಲಿಲ್ಲ. "ಅಪ್ಪ, ನೀನು?" ಅಂದಳು ದಾಕ್ಷಿ. "ನನ್ನ ಹತ್ರ ಏನಮ್ಮಾ ಇರುತ್ತೆ" ಅಂದರು ಮಾವ. ಮಾರನೆಯ ಬೆಳಿಗ್ಗೆ ನೋಡಿದರೆ ಇನ್ನೊಂದು ಕೊಂಬೆ ಬೋಳಾಗಿತ್ತು.

ದಿನ ದಿನಕ್ಕೂ ಮರ ಬರಿದಾಗುತ್ತಾ ಬಂತು. ದಾಕ್ಷಿಯನ್ನು ನೇರವಾಗಿ ಕೇಳಬಹುದಿತ್ತು. ಹೌದು ಅಂದುಬಿಟ್ಟರೆ? ಪ್ರೀತಿಯಿದ್ದ ಕಡೆ ಮನುಷ್ಯ ಎಷ್ಟು ಹೇಡಿಯಾಗುತ್ತಾನೆ ಅಂತ ನನಗೆ ಆಗ ಗೊತ್ತಾಯಿತು. ಅವಳ ಬಾಯಿಂದ ಆ ಮಾತು ಕೇಳುವುದಕ್ಕಿಂತ, ಮರ ಪೂರ್ತಿ ಬೋಳಾಗುವ ಮೊದಲು ನಾನೇ ಹೊರಟುಬಿಡುವುದು ವಾಸಿ ಅನಿಸಿತು. ಬ್ರಷ್ಷುಗಳನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಬಟ್ಟೆಯಲ್ಲಿ ಸುತ್ತಿ ಕಟ್ಟಿಟ್ಟೆ. ದಾಕ್ಷಿ ಆ ಗಂಟನ್ನು ನೋಡಿ "ಎಲ್ಲಾದ್ರೂ ಕೆಲಸ ಬಂದಿದೆಯೇನ್ರೀ?" ಅಂದಳು. "ಇಲ್ಲ, ಸುಮ್ಮನೆ" ಅಂದೆ. ಅವಳೂ ಸುಮ್ಮನಾದಳು.

ಒಂದು ಮಧ್ಯಾಹ್ನ ದಾಕ್ಷಿ ಹಿಟ್ಟಿನ ಗಿರಣಿಗೆ ಹೋಗಿದ್ದಳು. ನಾನು ನೀರು ಸೇದಲು ಹಿತ್ತಲಿಗೆ ಹೋದರೆ ಮಾವ ಹೇರಳೆ ಮರದ ಕೆಳಗೆ ಒಬ್ಬರೇ ನಿಂತಿದ್ದರು. ಮುಳ್ಳು ಚುಚ್ಚುವುದನ್ನೂ ಲೆಕ್ಕಿಸದೆ ಕೊಂಬೆಯನ್ನು ಬಗ್ಗಿಸಿಕೊಂಡು, ಉಳಿದ ಎಲೆಗಳ ಅಡಿಯನ್ನು ಬೆರಳ ತುದಿಯಿಂದ ಒಂದೊಂದಾಗಿ ಸವರುತ್ತಿದ್ದರು. ಹುಳ ಬೆರಳಿಗೆ ಸಿಕ್ಕಿತು. ಅದು ಈಗ ಹಿಕ್ಕೆಯ ಹಾಗೆ ಇರಲಿಲ್ಲ. ಪೊರೆ ಬಿಟ್ಟು ಹಸಿರಾಗಿ, ದಪ್ಪಗಾಗಿತ್ತು. ಮುಟ್ಟಿದ್ದೇ ತಡ, ತಲೆಯ ಹಿಂದಿನಿಂದ ಕೆಂಪನೆಯ ಕವಲು ಕೊಂಬೊಂದನ್ನು ಹೊರಗೆ ಚಾಚಿತು. ಕೊಳೆತ ಹಣ್ಣಿನಂಥ ವಾಸನೆ ನಾನು ನಿಂತಲ್ಲಿಗೂ ಬಂತು. ಮಾವ ಬೆರಳನ್ನು ಮೂಗಿಗೆ ಹಿಡಿದರು. ಅವರ ಮುಖ ಒಮ್ಮೆಲೇ ಇಳಿದುಹೋಯಿತು. ಆಮೇಲೆ ಅವರು ತಲೆಯೆತ್ತಿ ನನ್ನನ್ನೇ ನೋಡಿದರು. ಕೈಯಲ್ಲಿ ಕೊಡ ಹಿಡಿದು ಎದುರಿಗೇ ನಿಂತಿದ್ದ ನಾನು ಏನಾದರೂ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವರು ಅಡುಗೆಮನೆ ಕಡೆಗೆ ದನಿಯೆತ್ತಿ "ಯಾರಾದ್ರೂ ಇದ್ದೀರಾ?" ಅಂದರು.

ಕಿವಿಯ ಪಕ್ಕದ ದೊಡ್ಡ ಮನುಷ್ಯ, ಜಗಲಿಯ ಮೇಲಿನ ಪರೀಕ್ಷೆ, ಬಣ್ಣ, ಕೂದಲು, ಕಾಲು, ಎಲ್ಲವೂ ಒಟ್ಟಿಗೆ ಅರ್ಥವಾಯಿತು. ಇಷ್ಟು ದಿನ ಅವರು ನನ್ನನ್ನು ಪರೀಕ್ಷೆ ಮಾಡುತ್ತಿರಲಿಲ್ಲ. ನನ್ನ ಕಣ್ಣಿನಿಂದ ನೋಡುತ್ತಿದ್ದರು. ನಾನು ಸದ್ದಾಗದ ಹಾಗೆ ಒಳಗೆ ಬಂದು ನಡುಮನೆಯ ಕಂಬಕ್ಕೆ ಒರಗಿ ಕೂತುಬಿಟ್ಟೆ. ಅಳು ಬಂತು. ಯಾರ ಮೇಲೆ ಅಷ್ಟು ದಿನ ಮೈ ಉರಿದುಕೊಂಡಿದ್ದೆನೋ ಅವರ ಮೇಲೇ ಅಷ್ಟು ಅಕ್ಕರೆ ಉಕ್ಕುತ್ತದೆ ಅಂತ ನಾನು ಅಂದುಕೊಂಡಿರಲಿಲ್ಲ.

ಆದರೆ ಗೊತ್ತಾಯಿತು ಅಂತ ಹೇಳುವುದು ಹೇಗೆ? ಒಬ್ಬರ ಮಾತನ್ನು ಇನ್ನೊಬ್ಬರು ಆಡುವ ಹಾಗಿಲ್ಲ, ಅದು ಈ ಊರಿನ ಕಟ್ಟುಪಾಡು. ಗೊತ್ತಿಲ್ಲದವನ ಹಾಗೆ ಇದ್ದುಬಿಟ್ಟೆ. ಮಾರನೆಯ ಬೆಳಿಗ್ಗೆ ಗೋಡೆಯ ಆಚೆಯಿಂದ ನೀಲಾಂಬಿಕಮ್ಮ ಕತ್ತು ಚಾಚಿ "ಏನ್ರೀ ಅಳಿಯಂದಿರೇ, ನೀವು ನೆಟ್ಟ ಟೊಮೆಟೊ ಎಲೆ ಮೇಲೆಲ್ಲ ರಂಗೋಲಿ ಎಳೆದಿದೆಯಲ್ಲಾ! ಹಾಗಾದ್ರೆ ನೀವೂ ನಮ್ಮೂರೋರಾದ್ರಿ ಬಿಡಿ" ಎಂದು ನಕ್ಕರು. ನಾನೂ ನಗಲು ನೋಡಿದೆ. ನಗು ಬರಲಿಲ್ಲ.

ಹೇರಳೆ ಮರದಲ್ಲಿ ತುದಿಯ ಒಂದು ಕೊಂಬೆಯಲ್ಲಿ ಮಾತ್ರ ಎಲೆ ಉಳಿದಿತ್ತು. ಮಾವ ದಿನದ ಹಾಗೆ ಬಾವಿಕಟ್ಟೆಯ ಹತ್ತಿರ ಬಂದು ನಿಂತು, ದಿನದ ಹಾಗೆ ಕೇಳಿದರು, "ಹೇಳಿ ಅಳಿಯಂದಿರೇ. ಬಣ್ಣ?" ಅವತ್ತು ನಾನು ಅವಸರ ಮಾಡಲಿಲ್ಲ. "ಹಸಿರು ಮಾವ. ಹಳದಿಗೆ ಚೂರೇ ಚೂರು ನೀಲಿ ಬೆರೆಸಿದ್ರೆ ಬರುತ್ತಲ್ಲ, ಆ ಹಸಿರು. ಪಕ್ಕೆ ಮೇಲೆ ಓರೆಯಾಗಿ ಕಂದು ಪಟ್ಟೆ ಇದೆ, ಒಣಗಿದ ತೆಂಗಿನ ಗರಿ ಬಣ್ಣ. ಹೆಗಲ ಹತ್ರ ಎರಡು ಕಣ್ಣು ಬರೆದ ಹಾಗಿದೆ. ಬರೀ ಬರೆದಿರೋ ಕಣ್ಣು ಮಾವ, ನಿಜವಾದ್ದಲ್ಲ." ಕೊನೆಯ ಮಾತು ಬಾಯಿ ಜಾರಿ ಬಂತು. ಮಾವ ಅಲುಗಾಡಲಿಲ್ಲ.

ಅವರ ಮಾತು ನನ್ನದಲ್ಲ. ನನ್ನ ಮಾತು ನನ್ನದಲ್ಲವೇ? "ಮಾವ, ಹುಳ ಆಮೇಲೆ. ನಂದೊಂದು ಹೇಳೋದಿದೆ" ಅಂದೆ. "ನೀವು ಹಿಕ್ಕೆ ಹುಳ ಅಂದ ದಿನದಿಂದ ನಾನು ಸರಿಯಾಗಿ ಊಟ ಮಾಡಿಲ್ಲ. ದಾಕ್ಷಿಗೆ ನನ್ನ ಕಟ್ಟಿಕೊಂಡಿದ್ದು ತಪ್ಪಾಯ್ತು ಅನ್ನಿಸಿದೆ ಅಂದ್ಕೊಂಡಿದೀನಿ. ಬ್ರಷ್ಷೆಲ್ಲ ಗಂಟು ಕಟ್ಟಿ ಇಟ್ಟಿದೀನಿ. ಈ ಕೊಂಬೆ ಬೋಳಾಗೋದ್ರೊಳಗೆ ಹೊರಟುಬಿಡೋಣ ಅಂತಿದೀನಿ."

ಮಾವ ಹಿಂದಕ್ಕೆ ಕೈ ಚಾಚಿ, ತಡಕಾಡಿ, ಬಾವಿಕಟ್ಟೆ ಸಿಕ್ಕ ಮೇಲೆ ಕೂತರು. "ಅಯ್ಯೋ ಶಿವನೇ, ಏನು ಮಾಡಿಬಿಟ್ಟೆ ನಾನು" ಅಂದರು. ಆಮೇಲೆ ಹೇಳಿದರು. "ಅದು ಹಿಕ್ಕೆ ಹುಳ ಅಲ್ಲ ಕಣಪ್ಪ. ಕೊಂಬಿನ ಹುಳ. ಎಳೇದ್ರಲ್ಲಿ ಎರಡೂ ಒಂದೇ ಥರ ಇರ್ತವೆ. ಹತ್ತಿರ ಹಿಡ್ಕೊಂಡು ನೋಡಿದ್ರೆ ಗೊತ್ತಾಗುತ್ತೆ, ಒಂದಕ್ಕೆ ಮೈ ಮಿಂಚುತ್ತೆ, ಇನ್ನೊಂದಕ್ಕೆ ಇಲ್ಲ. ನಾನು ನೋಡಲಿಲ್ಲ. ನನಗೆ ಕಣ್ಣು ಕಾಣಲ್ಲ ಷಡಕ್ಷರಿ. ನಿಮ್ಮ ಮದುವೆಗೆ ಮುಂಚೇನೇ ಮಂಜಾಗಿತ್ತು. ಡಾಕ್ಟರು ಇನ್ನು ಬರಲ್ಲ ಅಂದ್ರು. ಈಗ ಬೆಳಕು ಕತ್ತಲೆ ಬಿಟ್ರೆ ಬೇರೆ ಏನೂ ಇಲ್ಲ. ನಿಮ್ಮತ್ತೆ ನೆಟ್ಟ ಮರದ ಮೇಲೆ ನನ್ನದೇ ಹುಳ ಕೂತಿದೆ, ನನಗೇ ಗುರುತು ಸಿಗಲಿಲ್ಲ."

"ಹೇಳಬಾರದಿತ್ತಾ ಮಾವ?" ಅಂದೆ. "ಯಾರಿಗೆ ಹೇಳಲಿ? ದಾಕ್ಷಿ ನನಗೋಸ್ಕರ ಈ ಮನೆ ಬಿಡಲಿಲ್ಲ. ನಿನಗೂ ಊರು ಬಿಡಿಸಿದಳು. ಇನ್ನು ಕಣ್ಣೂ ಇಲ್ಲ ಅಂದ್ರೆ ನಿಮ್ಮಿಬ್ಬರನ್ನೂ ಗೂಟಕ್ಕೆ ಕಟ್ಟಿ ಹಾಕಿದ ಹಾಗಲ್ವೇನಪ್ಪಾ? ಬೀದಿಯೋರು ಹುಳ ತರ್ತಾರೆ, ನಾನೊಬ್ಬ ಬೇಕಾದೋನು ಅಂತಿರುತ್ತೆ. ಅದೂ ಹೋದ್ರೆ ನಾನು ಏನಕ್ಕೆ?" ಮರದ ಕಡೆಗೆ ಕೈ ತೋರಿಸಿದರು. "ಕೊಂಬಿನ ಹುಳ ಯಾತರದ್ದು ಅಂತ ನಿನಗೆ ಹೇಳಿಕೊಟ್ಟಿಲ್ಲ ಅಲ್ವಾ? ಸಹಾಯ ಬೇಕಾಗಿದ್ದೂ ಕೇಳದೇ ಇರೋರದು. ಅದಕ್ಕೆ ಬರೀ ಹೇಳಿದ್ರೆ ಸಾಲದು. ಕೇಳಬೇಕು."

ನಾನು ಕಾದೆ. ಇಂಥ ಹೊತ್ತಿನಲ್ಲಿ ಕಾಯುವುದು ಎಷ್ಟು ಕಷ್ಟ ಅಂತ ಕಾದವರಿಗೇ ಗೊತ್ತು. ಅವರು ಪಂಚೆಯ ಅಂಚನ್ನು ಬೆರಳಿಗೆ ಸುತ್ತಿದರು, ಬಿಡಿಸಿದರು, ಮತ್ತೆ ಸುತ್ತಿದರು. ಕೊನೆಗೆ ಕೈಯನ್ನು ನನ್ನ ಕಡೆಗೆ ಚಾಚಿದರು. ಸ್ವಲ್ಪ ಪಕ್ಕಕ್ಕೇ ಚಾಚಿದರು. "ನನ್ನ ಕೈ ಹಿಡ್ಕೊಂಡು ನಡೆಸ್ತೀಯಾ ಮಗಾ?" ಅಂದರು. ನಾನು ಆ ಪಕ್ಕಕ್ಕೆ ಸರಿದು ಹಿಡಿದುಕೊಂಡೆ.

ಹಿಂಬಾಗಿಲಲ್ಲಿ ಮೊಣಕೈವರೆಗೂ ರಾಗಿಹಿಟ್ಟು ಮೆತ್ತಿಕೊಂಡು ದಾಕ್ಷಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಕೆನ್ನೆಯ ಮೇಲೆ ಹಿಟ್ಟು ಕಲಸಿದ ಹಾಗಾಗಿತ್ತು. ಬಂದವಳೇ ಅಪ್ಪನ ತಲೆಯನ್ನು ಎದೆಗೆ ಒತ್ತಿಕೊಂಡು, ನನ್ನನ್ನು ಬಯ್ಯಲು ಶುರು ಮಾಡಿದಳು. "ಹೊರಟುಬಿಡ್ತಾರಂತೆ, ಹೊರಟು! ನೀವು ಬ್ರಷ್ಷು ಕಟ್ಟಿಟ್ಟಿದ್ದು ನೋಡಿ, ಈ ಊರು ನಿಮಗೆ ಸಾಕಾಯ್ತೇನೋ ಅಂತ ನಾನು ಒಳಗೊಳಗೇ ಸತ್ತೆ. ಹೋಗಿ ಬಸಳೆ ಚಪ್ಪರದ ಮೇಲೆ ನೋಡಿ, ನಂದೂ ಇದೆ ಹುಳ. ನಿಮ್ಮನ್ನ ಮದುವೆಯಾಗಿದ್ದಕ್ಕೆ ನನಗೇನೂ ಪಶ್ಚಾತ್ತಾಪ ಇಲ್ಲ. ಮುಂಬಾಗಿಲಿಗೆ ಆ ಕಿತ್ತಳೆ ಬಣ್ಣ ಹೊಡೆಯೋಕೆ ಬಿಟ್ಟಿದ್ದಕ್ಕೆ ಇದೆ." ಮಾವ ಅವಳ ಸೆರಗಿನೊಳಗಿಂದಲೇ "ಕಿತ್ತಳೆನಾ?" ಅಂದರು. "ಹೂಂ ಅಪ್ಪ, ನೀನು ನೋಡದೇ ಇದ್ದಿದ್ದೇ ಪುಣ್ಯ" ಅಂದಳು ಅವಳು. ಮೂವರೂ ನಕ್ಕೆವು, ಮೂವರೂ ಕಣ್ಣು ಒರೆಸಿಕೊಂಡೆವು.

ಹುಳಗಳು ಒಮ್ಮೆಗೇ ಮಾಯವಾಗಲಿಲ್ಲ. ಒಂದೊಂದಾಗಿ ಎಲೆ ಬಿಟ್ಟು ಕೊಂಬೆಗೆ ಸರಿದು, ನೂಲು ಸುತ್ತಿಕೊಂಡು ಸುಮ್ಮನಾದವು. ತುದಿಯ ಕೊಂಬೆ ಉಳಿಯಿತು. ಮಿಕ್ಕ ಕೊಂಬೆಗಳ ಗಿಣ್ಣುಗಳಲ್ಲಿ ಕೆಂಪು ಚಿಗುರು ಕಾಣಿಸಿದ್ದು ಎಷ್ಟೋ ದಿನದ ಮೇಲೆ. ಬೀದಿಯವರಿಗೆ ಮಾವ ತಾವೇ ಹೇಳಿದರು. ಇನ್ನು ಹುಳ ತರುವುದಿಲ್ಲವೇನೋ ಅಂತ ಅವರಿಗೆ ಅಳುಕಿತ್ತು. ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ಮೊದಲು ನೀಲಾಂಬಿಕಮ್ಮನೇ ಡಬ್ಬಿ ಹಿಡಿದು ಜಗಲಿಯಲ್ಲಿ ಕೂತಿದ್ದರು. "ಕಣ್ಣು ಅಳಿಯಂದಿರದು, ಬುದ್ಧಿ ನಿಮ್ಮದು ತಾನೇ? ಬೇಗ ನೋಡಿ ಹೇಳಿ, ನನಗೆ ಮನೇಲಿ ಕೆಲಸ ಇದೆ" ಅಂದರು.

ಅವತ್ತು ಬಂದವರೆಲ್ಲ ಹೋದ ಮೇಲೆ ಮಾವ ಎದ್ದೇಳಲಿಲ್ಲ. ನಾನು ಕೈ ಕೊಡಲು ಹೋದರೆ "ಕೂತ್ಕೋ, ಇನ್ನೊಂದು ಉಳಿದಿದೆ" ಅಂದರು. "ಡಬ್ಬಿ ಯಾವುದೂ ಇಲ್ವಲ್ಲ ಮಾವ." "ಡಬ್ಬಿ ಬೇಡ. ಹೇಳು. ಬಣ್ಣ?" "ಯಾವುದರದ್ದು?" "ನಿಂದು. ಮಗಳನ್ನ ಕೊಟ್ಟಿದೀನಿ, ಇನ್ನೂ ಅಳಿಯನ ಮುಖ ನೋಡಿಲ್ಲ."

"ಕಪ್ಪು ಮಾವ. ಹದವಾಗಿ ಹುರಿದ ಕಾಫಿಬೀಜದ ಹಾಗೆ." "ಕೂದಲು?" "ಮುಂದೆ ಸ್ವಲ್ಪ ಕಮ್ಮಿ." ಒಳಗಿನಿಂದ ದಾಕ್ಷಿ "ಸ್ವಲ್ಪ ಅಲ್ಲ ಅಪ್ಪ!" ಎಂದು ಕೂಗಿದಳು. "ನೀನು ಸುಮ್ಮನಿರೇ. ಮೂಗು?" "ಮೊಂಡು." "ಕಾಲು?" "ಎರಡೇ ಮಾವ, ಎಡಗಾಲಿಗೆ ಏಣಿಯಿಂದ ಬಿದ್ದ ಗುರುತಿದೆ." "ಹೇಗೆ ನಡೀತದೆ?" "ನಿಮ್ಮ ಜೊತೆ ನಡೆದ್ರೆ ನಿಧಾನ."

ಮಾವ ಡಬ್ಬಿಯ ಹುಳಕ್ಕೆ ಯೋಚಿಸುವ ಹಾಗೆಯೇ ಕತ್ತು ವಾರೆ ಮಾಡಿ ಸ್ವಲ್ಪ ಹೊತ್ತು ಯೋಚಿಸಿದರು. ಅವರ ಮುಖ ನನ್ನ ಕಡೆಗೇ, ನೇರವಾಗಿ ತಿರುಗಿತ್ತು.

"ಗುರುತು ಸಿಕ್ಕಿತು" ಅಂದರು. "ಎರೆಹುಳ."

ಆಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು ಎದ್ದು, "ನಡಿ, ಕಾಫಿ ಆರಿಹೋಗುತ್ತೆ" ಅಂದರು.